ತಿದ್ದದೆ ಉಳಿದ ಆರು ಸಾಲು

ನಾನು ಒಂದು ದಾಖಲೆ. ಇಂಟರ್ನೆಟ್ಟಿಗೆ ಸೇರಿದ ಯಂತ್ರಗಳಿಗೆಲ್ಲ ಅಂಕಿಗಳ ವಿಳಾಸ ಇರುತ್ತದೆ. ಯಾವ ವಿಳಾಸ ಯಾರ ಕೈಯಲ್ಲಿದೆ ಎಂದು ಬರೆದಿಡುವ ಸಾರ್ವಜನಿಕ ಪಟ್ಟಿಯಲ್ಲಿ ನನ್ನದು ಆರೇ ಸಾಲು. ಆ ಸಾಲುಗಳನ್ನು ಹೊತ್ತು ಹೊತ್ತು ಸಾಕಾಗಿದೆ.

ನನ್ನನ್ನು ಹುಟ್ಟಿಸಿದವರು ಹುಬ್ಬಳ್ಳಿಯ ಇರಸಂಗಪ್ಪ ಬಳಿಗಾರರು. ಓಣಿ ಓಣಿಗೆ ಕೇಬಲ್ ಎಳೆದು ಇಂಟರ್ನೆಟ್ ಕೊಡುತ್ತಿದ್ದರು. ಸಾವಿರದ ಇಪ್ಪತ್ನಾಲ್ಕು ವಿಳಾಸಗಳು ಅವರಿಗೆ ಸಿಕ್ಕ ದಿನ ನಾನು ಪಟ್ಟಿ ಸೇರಿದೆ. ಬೇರೆ ಕಚೇರಿ ಇಲ್ಲದ್ದರಿಂದ ಮನೆಯ ವಿಳಾಸವನ್ನೇ ಬರೆಸಿದ್ದರು. ವರ್ಷಕ್ಕೊಮ್ಮೆ "ವಿವರ ಸರಿ ಇದೆಯೇ?" ಎಂದು ಪಟ್ಟಿಯವರು ಕೇಳುತ್ತಿದ್ದರು. ಇವರು ಕನ್ನಡಕ ಏರಿಸಿ ಆರೂ ಸಾಲು ಓದಿಯೇ ಉತ್ತರ ಕೊಡುತ್ತಿದ್ದರು. ಅಂಥ ಯಜಮಾನರು ನನಗೆ ಮತ್ತೆ ಸಿಗಲಿಲ್ಲ.

ಎಂಟು ವರ್ಷದ ಮೇಲೆ ದೊಡ್ಡ ಕಂಪನಿಯೊಂದು ಅವರ ಕೇಬಲ್ಲು, ಗಿರಾಕಿಗಳ ಜೊತೆ ಆ ವಿಳಾಸಗಳನ್ನೂ ಕೊಂಡಿತು. ನನ್ನನ್ನು ತಿದ್ದುವ ಹೊಣೆ ಹೊಸಬರದು ಎಂದು ಕರಾರಿನಲ್ಲಿತ್ತು. ಆ ಕೆಲಸ ಪ್ರಮೀಳಾ ಎಂಬಾಕೆಯ ಮೇಜಿಗೆ ಬಂತು. ನನ್ನಂಥ ನಾನೂರು ದಾಖಲೆಗಳು ಅವಳ ತಲೆಗೆ. ವರ್ಷದ ಪ್ರಶ್ನೆ ಬಂದಾಗ ನನ್ನನ್ನು ತೆರೆಯದೆಯೇ 'ಸರಿ ಇದೆ' ಎಂದು ಒತ್ತಿಬಿಡುತ್ತಿದ್ದಳು. ಹೀಗೆ ಐದು ವರ್ಷ. ಅವಳನ್ನು ಬೈಯಲು ಮನಸ್ಸಾಗುವುದಿಲ್ಲ, ಅವಳೂ ನನ್ನ ಹಾಗೆಯೇ ದಣಿದಿದ್ದಳು.

ಆಮೇಲೆ ನಮ್ಮ ವಿಳಾಸವೊಂದನ್ನು ಬಳಸಿ ಯಾರೋ ಸುಳ್ಳು ನೌಕರಿ ಪತ್ರ ಕಳಿಸಿ ನೂರಾರು ಜನರಿಗೆ ಟೋಪಿ ಹಾಕಿದರು. ಪೊಲೀಸರು ಬಂದು ನನ್ನನ್ನು ತೆರೆದರು. ನನ್ನಲ್ಲಿ ಇದ್ದದ್ದು ಇರಸಂಗಪ್ಪನವರ ಹೆಸರು, ಅವರ ಮನೆ. ಬರೆದದ್ದನ್ನು ಬಿಟ್ಟು ಬೇರೆ ಹೇಳಲು ನನಗೆ ಬರುವುದಿಲ್ಲ. ಬಾಯಿದ್ದಿದ್ದರೆ ಅಂದು ಕೂಗುತ್ತಿದ್ದೆ.

ಮುಂದಿನದು ತಿಳಿದದ್ದು ಇರಸಂಗಪ್ಪನವರು ಪ್ರಮೀಳಾಳ ಮೇಜಿನೆದುರು ಬಂದು ನಿಂತಾಗ. ನಾನು ಅವಳ ಪರದೆಯ ಮೇಲಿದ್ದೆ.

"ಮನ್ಯಾಗ ಹುಡುಗ್ಯಾರಿಗೆ ಕಂಪ್ಯೂಟರ್ ಕಲಿಸ್ತಿದ್ನಿರಿ," ಎಂದರು. "ಅವರ ಕಣ್ಣೆದುರಿಗೇ ಜೀಪಿನ್ಯಾಗ ಕುಂದ್ರಿಸ್ಕೊಂಡು ಹೋದ್ರು. ಮಾರಿದ ಕಾಗದ ತೋರಿಸಿ ಬಿಡಿಸ್ಕೊಂಡ್ ಬಂದೀನಿ. ಆದ್ರ ಓಣಿ ಮಂದಿಗೆ ಏನ್ ತೋರಿಸ್ಲಿ? ಹನ್ನೊಂದು ಹುಡುಗ್ಯಾರಿದ್ರು. ಈಗ ಒಬ್ಬಾಕೀನೂ ಬರವಲ್ಲಳು."

ಪ್ರಮೀಳಾಳ ಮುಖ ಬಾಡಿತು. "ತಪ್ಪಾತ್ರಿ ಸರ್. ನಾ ಒಮ್ಮೆನೂ ತೆಗೆದು ನೋಡಲೇ ಇಲ್ರಿ."

ಅಲ್ಲೇ ಕೂತು ತಿದ್ದಿದಳು. ನಾಲ್ಕು ನಿಮಿಷ ಹಿಡಿಯಿತು, ಅಷ್ಟೇ. ಇರಸಂಗಪ್ಪನವರು ಬಗ್ಗಿ ಆರೂ ಸಾಲು ಓದಿ, "ಇದರದೊಂದು ಪ್ರಿಂಟ್ ಕೊಡ್ರಿ, ಬಾಗಿಲಿಗೆ ಹಚ್ಚತೀನಿ" ಎಂದರು. ತಮ್ಮ ಹೆಸರಿಲ್ಲದ ಆ ಹಾಳೆಯನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದು ಹೊರಟರು.

ಈಗ ಉದ್ದನೆಯ ಹೊಸ ವಿಳಾಸಗಳು ಬಂದಿವೆ, ನಮ್ಮಂಥ ಹಳಬರು ಒಂದು ಮೂಲೆಗೆ ಸರಿದಿದ್ದೇವೆ. ನನ್ನಲ್ಲಿ ಇವತ್ತು ಒಂದಕ್ಷರವೂ ತಪ್ಪಿಲ್ಲ. ಆ ಹನ್ನೊಂದು ಹುಡುಗಿಯರಲ್ಲಿ ಒಬ್ಬಳಾದರೂ ಮರಳಿ ಬಂದಳೋ ಇಲ್ಲವೋ, ಅದನ್ನು ಬರೆಯಲು ನನ್ನಲ್ಲಿ ಸಾಲಿಲ್ಲ.