ಹನ್ನೊಂದು ಮಂದಿ ಮುಖ ತಿರುಗಿಸಿದ್ದು

ಜಾರ್ಜಿಯಾದಲ್ಲಿ ಆ ವರ್ಷ ಹತ್ತಿ ಬಿಡಿಸುವ ಕೆಲಸ ಬೇಗ ಮುಗಿಯಿತು. ನವೆಂಬರಿನಲ್ಲಿ ನನ್ನ ಗಂಡ ಈನಾಕ್ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಕೇಳಲು ಹೊರಟ. ದಾರಿಯಲ್ಲಿ ಜೊತೆಯಾದವನು ಒಬ್ಬ ಬಿಳಿಯ. ಅವನಿಗೂ ಕೆಲಸವಿರಲಿಲ್ಲ. ರೈಲು ನಿಲ್ದಾಣದ ಹತ್ತಿರ ಇಬ್ಬರನ್ನೂ ಹಿಡಿದರು. ನ್ಯಾಯಾಧೀಶ ಬಿಳಿಯನಿಗೆ, "ಮನೆಗೆ ಹೋಗಪ್ಪ, ಹೆಂಡ್ತಿ ಕಾಯ್ತಿರ್ತಾಳೆ" ಎಂದನಂತೆ. ಈನಾಕನಿಗೆ, ಕೆಲಸವಿಲ್ಲದೆ ಅಲೆದ ತಪ್ಪಿಗೆ, ಒಂದು ವರ್ಷ ಸರಪಳಿ ಕಟ್ಟಿಸಿಕೊಂಡು ರಸ್ತೆ ಅಗೆಯುವ ಶಿಕ್ಷೆ.

ನಾನು ಬಸುರಿಯೆಂದು ತಿಳಿದದ್ದು ಆಮೇಲೆ. ಹೇಳಿಕಳಿಸೋಣವೆಂದರೆ ಅವನನ್ನು ಯಾವ ರಸ್ತೆಗೆ ಹಾಕಿದ್ದಾರೋ ಯಾರಿಗೂ ಗೊತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಟೆಂಪಿ ಅತ್ತೆ ಏದುಸಿರು ಬಿಡುತ್ತ ಬಂದಳು. ಗುಲಾಮಗಿರಿಯ ಕಾಲದಲ್ಲೇ ಹುಟ್ಟಿದ ಮುದುಕಿ, ಊರಿಗೆಲ್ಲ ಅತ್ತೆ, ಊರಿಗೆಲ್ಲ ಸೂಲಗಿತ್ತಿ.

"ಲವೀನಿಯಾ, ಏಳೇ! ನಮ್ಮ ಚರ್ಚಿನ ಮುಂದೆ ರಸ್ತೆ ಅಗೀತಾವ್ರೆ. ನಿನ್ನ ಗಂಡ ಅಲ್ಲೇ ಅವ್ನೆ!"

ಪಟ್ಟೆ ಅಂಗಿ ತೊಟ್ಟ ಹನ್ನೆರಡು ಕರಿಯ ಗಂಡಸರು, ಎಲ್ಲರ ಕಾಲಿಗೂ ಒಂದೇ ಸರಪಳಿ. ಈನಾಕ್ ಐದನೆಯವನು. ನನ್ನನ್ನು ಕಂಡವನೇ ತಲೆ ತಗ್ಗಿಸಿದ. ಬಂದೂಕಿನ ಕಾವಲುಗಾರ ಕೂಗಿದ: "ಏಯ್, ದೂರ ನಿಲ್ರಿ!"

ಟೆಂಪಿ ಅತ್ತೆ ನಿಲ್ಲಲಿಲ್ಲ. "ಕಾರ್ಲ್ಟನ್ ದಣಿಗಳಲ್ವಾ ತಾವು? ನಿಮ್ಮಮ್ಮ ಎರಡು ದಿನ ನೋವು ತಿಂದ್ರು, ಪಾಪ. ಕಾಲು ಮುಂದಾಗಿ ಬಂದ್ರಿ, ಮೈಯೆಲ್ಲ ನೀಲಿ. ಕುಂಡಿಗೆ ಎರಡೇಟು ಹಾಕಿ ಉಸಿರು ತರಿಸಿದ್ದು ಇದೇ ಕೈ."

ಸಾಲಿನಲ್ಲಿ ಯಾರೋ ಗೊಣಗಿದರು: "ಇನ್ನೆರಡು ಹಾಕ್ಬೇಕಿತ್ತು, ಅತ್ತೆ."

ಕಾವಲುಗಾರನ ಕಿವಿ ಕೆಂಪಾಯಿತು. "ನೀರು ಕೊಡಿ. ಹುಣ್ಣಿಗೆ ಏನಾದ್ರೂ ಹಚ್ಚಿ. ಐದೇ ನಿಮಿಷ."

ನಾನು ಈನಾಕನ ಮುಂದೆ ಮಣ್ಣಿನಲ್ಲಿ ಮಂಡಿಯೂರಿದೆ. ಕಬ್ಬಿಣದ ಬಳೆ ಕಾಲಿನ ಗಂಟನ್ನು ತಿಂದುಹಾಕಿತ್ತು. ಅತ್ತೆ ಕೊಟ್ಟ ಹಂದಿಕೊಬ್ಬಿನ ಮುಲಾಮು ಸವರಿದೆ.

"ಉರೀತದೆ ಕಣೇ."

"ಉರೀಲಿ. ನನ್ನನ್ನ ಬಿಟ್ಟು ಹೋಗಿದ್ದಕ್ಕೆ."

"ಒಬ್ಬಳೇ ಹೆಂಗಿದ್ದೀಯೆ?"

"ಒಬ್ಬಳೇ ಅಂತ ಯಾರು ಹೇಳಿದ್ದು?" ಎಂದು ಕೋಟು ಸರಿಸಿದೆ.

ಅವನು ನೋಡಿದ. ಅರ್ಥವಾಗಲಿಲ್ಲ. ಮತ್ತೆ ನೋಡಿದ. ಗುದ್ದಲಿ ಕೈಯಿಂದ ಜಾರಿತು. ಬೊಬ್ಬೆಯೆದ್ದ ಅಂಗೈ ನನ್ನ ಕಡೆ ಬಂದು, ಜನರಿದ್ದಾರೆಂದು ನಾಚಿ ನಡುವೆಯೇ ನಿಂತಿತು.

ಆಗ ಸರಪಳಿಯಲ್ಲಿ ಅವನ ಪಕ್ಕಕ್ಕಿದ್ದ ದೈತ್ಯದೇಹಿ ಸುಮ್ಮನೆ ಪೈನ್ ಮರಗಳ ಕಡೆ ಮುಖ ತಿರುಗಿಸಿದ. ಸರಪಳಿ ಝಣ್ ಎಂದಿತು. ಅವನಾಚೆಯವನೂ ತಿರುಗಿದ, ಅವನಾಚೆಯವನೂ. ಹನ್ನೊಂದು ಮಂದಿಯೂ ನಮಗೆ ಬೆನ್ನು ಮಾಡಿ, ಮರಗಳಲ್ಲಿ ಏನೋ ವಿಶೇಷವಿದೆ ಎಂಬಂತೆ ನಿಂತರು. ಆ ಬಟ್ಟಬಯಲಿನಲ್ಲಿ ನಮಗೊಂದು ಕೋಣೆಯಾಯಿತು. ಈನಾಕನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡೆ.

"ಸಾಕು!" ಎಂದ ಕಾವಲುಗಾರ. ಐದು ನಿಮಿಷಕ್ಕೆ ಸರಿಯಾಗಿ.

ಜೂನಿನಲ್ಲಿ ಟೆಂಪಿ ಅತ್ತೆಯ ಕೈಗೇ ಹೆಣ್ಣುಮಗು ಬಂತು. ಓರಾ ಎಂದು ಹೆಸರಿಟ್ಟೆ. ನವೆಂಬರಿನಲ್ಲಿ ಶಿಕ್ಷೆ ಮುಗಿಸಿ ಈನಾಕ್ ಬಂದಾಗ, ಸೊರಗಿದ ಆ ಮುಖ ಕಂಡು ಮಗು ಕಿಟಾರನೆ ಕಿರುಚಿತು.

"ಅಳಲಿ ಬಿಡು" ಎಂದು ಅವನು ದೂರವೇ ಕೂತ. "ಕನ್ನಡಿ ನೋಡಿ ನಾನೇ ಅತ್ತಿದ್ದೀನಿ."

ಮೂರು ದಿನ ಹಾಗೇ, ಅದು ಒಪ್ಪುವವರೆಗೆ ಕಾದ. ನಾಲ್ಕನೆಯ ದಿನ ಓರಾ ತಾನಾಗಿ ಕೈ ಚಾಚಿ ಅವನ ಮೂಗು ಹಿಡಿದಳು. ಎಷ್ಟು ಹೊತ್ತಾದರೂ ಅವನು ಬಿಡಿಸಿಕೊಳ್ಳಲಿಲ್ಲ.