ಹಳದಿ ಪಟ್ಟೆ

ಸಾದಲಿಯ ಪಂಚಾಯಿತಿ ಗ್ರಂಥಾಲಯದ ಕಂಪ್ಯೂಟರಿಗೆ ಹಟ ಹಿಡಿದು ಲಿನಕ್ಸ್ ತಂತ್ರಾಂಶ ಹಾಕಿಸಿದವಳು ಗ್ರಂಥಪಾಲಕಿ ಶ್ರೀವಿದ್ಯಾಳೇ. ಅದರ ಟೆಕ್ಸ್ಟ್ ಎಡಿಟರ್ ಮೇಲೆ ಮಾತ್ರ ಅವಳಿಗೆ ಮೊದಲ ದಿನದಿಂದ ಮುನಿಸು. ಕೇಳದಿದ್ದರೂ ಸಾಲುಸಾಲಿಗೆ ನಂಬರ್ ಹಾಕುತ್ತಿತ್ತು. ಟ್ಯಾಬ್ ಒತ್ತಿದರೆ ಅಕ್ಷರ ಮಾರು ದೂರ ಹಾರುತ್ತಿತ್ತು. ಎಲ್ಲಕ್ಕಿಂತ ಕಿರಿಕಿರಿಯೆಂದರೆ, ಬರೆಯುತ್ತಿರುವ ಸಾಲಿನ ಹಿಂದೆ ಅಡ್ಡಲಾಗಿ ಬೀಳುವ ಹಳದಿ ಪಟ್ಟೆ. ಎಲ್ಲಿ ಬರೆಯುತ್ತಿದ್ದೇನೆಂದು ನನಗೆ ಗೊತ್ತಿಲ್ಲವೇ ಎಂದು ಗೊಣಗುತ್ತಲೇ ಒಂದು ಬೆಳಗ್ಗೆ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲವನ್ನೂ ಕಿತ್ತುಹಾಕಿದಳು. ಪರದೆ ಸಾರಿಸಿದ ಅಂಗಳದ ಹಾಗೆ ಚೊಕ್ಕವಾಯಿತು.

ಆ ಕಂಪ್ಯೂಟರಿಗೆ ಇನ್ನೊಬ್ಬ ಯಜಮಾನಿ ಇದ್ದಳು, ಓಬಳಮ್ಮ. ಮನೆಯಲ್ಲಿ ರೇಷ್ಮೆ ಸಾಕಣೆ. ಹುಳ ಸೊಪ್ಪು ಮೇಯುವಾಗ ಆಕೆಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಹುಳ ಜ್ವರಕ್ಕೆ ಕೂತು, ಮೇವು ಬಿಟ್ಟು ಪೊರೆ ಕಳಚುವ ದಿನ ಮಾತ್ರ ಬಿಡುವು. ಆ ದಿನ ತಪ್ಪದೆ ಬಂದು ತನ್ನ ಬದುಕಿನ ಕಥೆ ಟೈಪ್ ಮಾಡುತ್ತಿದ್ದಳು. ಕೀಲಿ ಒತ್ತುವುದನ್ನು ಕಲಿಸಿದವಳು ಶ್ರೀವಿದ್ಯಾ. ಕಥೆ ಓಬಳಮ್ಮನ ಮದುವೆಯವರೆಗೆ ಬಂದಿತ್ತು, ಮುಂದೇನಾಯಿತೆಂದು ಓದುವ ಆಸೆ ಶ್ರೀವಿದ್ಯಾಳಿಗೂ ಹತ್ತಿಕೊಂಡಿತ್ತು.

ಪಟ್ಟೆ ಕಿತ್ತ ದಿನವೇ ಮಧ್ಯಾಹ್ನ ಓಬಳಮ್ಮ ಬಂದು ಕೂತಳು. ನಾಲ್ಕು ಪದ ಒತ್ತಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಮತ್ತಷ್ಟು ಒತ್ತಿ ಮತ್ತೆ ಬಗ್ಗಿದಳು. ಕೊನೆಗೆ ಎದ್ದೇಬಿಟ್ಟಳು.

"ಇನ್ನ ಸಾಕು ಬಿಡಮ್ಮ. ವಯಸ್ಸಾಯ್ತು. ಇದನ್ನೆಲ್ಲ ಯಾರು ಓದ್ತಾರೆ," ಎಂದು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಮುಂದಿನ ಜ್ವರಕ್ಕೆ ಆಕೆ ಬರಲಿಲ್ಲ. ಪೇಪರ್ ಓದಲು ಬಂದ ಆಕೆಯ ಸೊಸೆ ಹರಿತಾಳನ್ನು ಶ್ರೀವಿದ್ಯಾ ವಿಚಾರಿಸಿದಳು.

"ಹುಳ ಕೂತವೆ ಅಕ್ಕ. ಅತ್ತೆ ಸುಮ್ನೆ ಜಗುಲಿ ಮೇಲೆ ಕೂತವ್ರೆ. ಅಕ್ಕಿಲಿ ಕಲ್ಲು ಕಾಣಲ್ಲ, ಕೇಳಿದ್ರೆ ಕಣ್ಣು ಚೆನ್ನಾಗೈತೆ ಅಂತಾರೆ."

ಶ್ರೀವಿದ್ಯಾಳಿಗೆ ಏನೋ ಹೊಳೆದು ಆಕೆಯ ಫೈಲ್ ತೆರೆದಳು. ಬಾಸಿಂಗ ಕಟ್ಟುವ ಸಾಲಿನ ನಡುವೆ ಹಿಪ್ಪುನೇರಳೆ ತೋಟ ನುಗ್ಗಿತ್ತು. ಧಾರೆ ಎರೆಯುವ ಕಡೆ ಮಾವನ ಮನೆಯ ಹಸು ಬಂದು ನಿಂತಿತ್ತು. ಹಿಂದೆಲ್ಲ ಹೀಗೆ ಒಂದು ಪದವೂ ದಾರಿ ತಪ್ಪಿರಲಿಲ್ಲ. ಕಡ್ಡಿಯಂಥ ಕರ್ಸರ್ ಆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಇಷ್ಟು ದಿನ ಆಕೆ ಹಿಡಿದು ನಡೆದದ್ದು ಆ ಹಳದಿ ಪಟ್ಟೆಯನ್ನು. ನನ್ನ ಅಚ್ಚುಕಟ್ಟಿನ ಚಟಕ್ಕೆ ಅದನ್ನು ಕಿತ್ತುಕೊಂಡೆನಲ್ಲ ಎಂದು ಶ್ರೀವಿದ್ಯಾಳಿಗೆ ನಾಚಿಕೆಯಾಯಿತು. ಪಟ್ಟೆಯನ್ನು ವಾಪಸ್ ತಂದಳು, ಬಣ್ಣ ಇನ್ನಷ್ಟು ಗಾಢ ಮಾಡಿದಳು, ಅಕ್ಷರ ದೊಡ್ಡದು ಮಾಡಿದಳು. ಬಾಗಿಲು ಮುಂದೆಳೆದುಕೊಂಡು ಓಬಳಮ್ಮನ ಮನೆಗೆ ಹೋದಳು.

"ಕೆಡಿಸಿದ್ದು ನಾನೇ ಅಮ್ಮ. ಈಗ ಸರಿ ಮಾಡಿದೀನಿ, ಬನ್ನಿ."

ಓಬಳಮ್ಮ ಒಳಗೆ ಸೊಸೆಯಿದ್ದಾಳೇನೋ ಎಂದು ಆಲಿಸಿ, ದನಿ ತಗ್ಗಿಸಿದಳು. "ಆ ಹಳದೀದು?"

"ಇದೆ."

ಆಕೆ ಚಪ್ಪಲಿ ಮೆಟ್ಟಿದಳು.

ಗ್ರಂಥಾಲಯದಲ್ಲಿ ಕೂತು, ಗಾಜಿನ ಮೇಲೆ ಪಟ್ಟೆಯುದ್ದಕ್ಕೂ ಒಮ್ಮೆ ಬೆರಳಾಡಿಸಿದಳು. ದಾರಿ ತಪ್ಪಿದ್ದನ್ನು ಇಬ್ಬರೂ ಸೇರಿ ಅಳಿಸಿದರು.

"ಕಣ್ಣು ತೋರಿಸಣ ಅಮ್ಮ," ಎಂದಳು ಶ್ರೀವಿದ್ಯಾ ಮೆಲ್ಲಗೆ. "ಮುಂದಿನ ಜ್ವರಕ್ಕೆ ಚಿಂತಾಮಣಿಗೆ ಹೋಗಣ, ನಾನೇ ಬರ್ತೀನಿ."

"ಅದು ಬರಿಯೋ ದಿನ ಕಣಮ್ಮ," ಎಂದಳು ಓಬಳಮ್ಮ, ಕೀಲಿ ಹುಡುಕುತ್ತಲೇ. "ಹುಳ ಗೂಡು ಕಟ್ಲಿ, ಆಮೇಲೆ ಹೋಗಣ."

ಹಳದಿ ಪಟ್ಟೆ ಒಂದು ಸಾಲು ಕೆಳಗಿಳಿಯಿತು.