ನೀರು ಮುಟ್ಟಿಸದ ಹನಿ

ಬರ್ಲಿನ್ನಿನ ಆ ಓಣಿಯ ಕೈಪಂಪು ಅವತ್ತು ಬೆಳಿಗ್ಗೆ ಹೆಪ್ಪುಗಟ್ಟಿ ನಿಂತುಬಿಡದೆ ಇದ್ದಿದ್ದರೆ, ಡಾಕ್ಟರ್ ವೆಂಡೆಲ್ ಟ್ರೌಟ್‌ಮನ್ ಕೂಡ ಉಳಿದವರ ಹಾಗೆ ತೊಳೆದೇ ನೋಡುತ್ತಿದ್ದ.

ತೊಳೆಯುವುದು ಪ್ರೊಫೆಸರ್ ಬೋರ್ನೆಮನ್ನರ ಶಾಲೆಯ ಮಡಿ. ಗಾಜು ತೊಳೆ, ಸೂಜಿ ತೊಳೆ, ಮೊಟ್ಟೆಯೊಳಗಿನ ಎಳೆಮರಿಯ ರಕ್ತವನ್ನೂ ನೀರಿನಲ್ಲಿ ತೆಳುಮಾಡಿ ತೊಳೆ. ಲೋಳೆ ಅಂಟಿದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟವನೂ ಎಂಜಲು ಕೈಯಲ್ಲಿ ಬಡಿಸಿದವನೂ ಅಲ್ಲಿ ಒಂದೇ. ಹೀಗೆ ಮಡಿ ಮಾಡಿಕೊಂಡು ನೋಡಿದಾಗ ಕಾಣುತ್ತಿದ್ದದ್ದು ಏನು? ನೀರಿನಲ್ಲಿ ತೇಲುವ ಸಣ್ಣ ಸಣ್ಣ ಬೆತ್ತಲೆ ತಿರುಳುಗಳು, ಜೀವಕೋಶದ ನಡುವಿನ ಬೀಜ ಮಾತ್ರ, ಸುತ್ತ ಕೋಶವಿಲ್ಲ. ಅದನ್ನು ನೋಡಿಯೇ ಪ್ರೊಫೆಸರರು ಹೇಳುತ್ತಿದ್ದರು: ಪಾಕದಲ್ಲಿ ದಾರ ಇಳಿಬಿಟ್ಟರೆ ಕಲ್ಲುಸಕ್ಕರೆ ಹರಳುಗಟ್ಟುವುದಿಲ್ಲವೆ, ಹಾಗೆಯೇ ದೇಹದ ರಸದಲ್ಲಿ ಮೊದಲು ತಿರುಳು ಮೂಡುತ್ತದೆ, ಆಮೇಲೆ ಅದರ ಸುತ್ತ ಜೀವಕೋಶ ಕಟ್ಟಿಕೊಳ್ಳುತ್ತದೆ. ಅವರೊಬ್ಬರೇ ಅಲ್ಲ, ದೊಡ್ಡ ದೊಡ್ಡವರೆಲ್ಲ ಆಗ ನಂಬಿದ್ದು ಅದನ್ನೇ. ದೊಡ್ಡವರು ನಂಬಿದ ಮೇಲೆ ಚಿಕ್ಕವರ ಕಣ್ಣಿಗೂ ಅದೇ ಕಾಣುತ್ತದೆ. ಕಾಣದಿದ್ದರೆ ಹೊಟ್ಟೆ ತುಂಬುವುದಿಲ್ಲ.

ಬರುವ ಗುರುವಾರ ಮಧ್ಯಾಹ್ನ ಊರಿನ ವೈದ್ಯರ ಕೂಟದ ಎದುರು ವೆಂಡೆಲ್ ಆ ಬೆತ್ತಲೆ ತಿರುಳುಗಳನ್ನು ತೋರಿಸಬೇಕಿತ್ತು. ತೋರಿಸಿದರೆ ಪ್ರೊಫೆಸರರ ರುಜು, ರುಜು ಬಿದ್ದರೆ ಪಾಠ ಹೇಳುವ ಹಕ್ಕು. ಇಲ್ಲದಿದ್ದರೆ ಹುಟ್ಟಿದ ಹಳ್ಳಿಗೆ ಹಿಂದಿರುಗಿ ಅಪ್ಪನ ಹಾಗೆ ಹಲ್ಲು ಕೀಳುತ್ತ, ಕೀವು ಹಿಂಡುತ್ತ ಇರಬೇಕು. ವರ್ಷಗಟ್ಟಲೆ ಬಿಟ್ಟಿ ದುಡಿದು ಅವನ ಕೋಟಿನ ಮೊಣಕೈ ಹರಿದಿತ್ತು. ಸಿಟ್ಟು ಮಾತ್ರ ಹೊಸದಾಗಿಯೇ ಇತ್ತು.

ಕಾವು ಕೂತ ಕೋಳಿಯ ಬುಟ್ಟಿ ಮನೆಯೊಡತಿ ಫ್ರೌ ರೆಷ್ಕೆಯ ಅಡುಗೆಮನೆಯ ಒಲೆ ಪಕ್ಕದಲ್ಲಿತ್ತು. ಅದಕ್ಕೇ ಅವನು ಅಲ್ಲಿನ ಕಿಟಕಿಯ ಬಳಿ ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದ. ಮೊಟ್ಟೆ ಒಡೆದಾಗಿತ್ತು, ಒಳಗಿನ ಪುಟ್ಟ ಗುಂಡಿಗೆ ಬಡಿದುಕೊಳ್ಳುತ್ತಿತ್ತು, ನೀರು ಮಾತ್ರ ಇರಲಿಲ್ಲ.

"ಒಂದು ಹನಿ ಕೊಡಿ ಫ್ರೌ ರೆಷ್ಕೆ, ಒಂದೇ ಹನಿ."

"ಎಲ್ಲಿಂದ ಕೊಡ್ಲಿ? ಕಾಫಿಗೇ ಇಲ್ಲ. ಹಿಮ ಕರಗೋಕೆ ಇಟ್ಟಿದೀನಿ, ಕಾಯಿರಿ. ನಿಮ್ಮ ಮರಿಗೇನು ಸ್ನಾನ ಮಾಡಿಸ್ಬೇಕಾ?"

ಕಾಯುವಂತಿರಲಿಲ್ಲ, ಗುಂಡಿಗೆ ನಿಧಾನವಾಗುತ್ತಿತ್ತು. ವೆಂಡೆಲ್ ಹಾಳಾಗಿ ಹೋಗಲಿ ಎಂದು ಅದೇ ಮೊಟ್ಟೆಯ ಬಿಳಿ ಲೋಳೆಯನ್ನು ಗಾಜಿನ ಮೇಲೆ ಸವರಿ, ಅದರಲ್ಲಿ ರಕ್ತದ ಒಂದು ಹನಿ ಬೆರೆಸಿ, ಕಣ್ಣು ಇಟ್ಟ.

ಬೆತ್ತಲೆ ತಿರುಳು ಒಂದೂ ಇರಲಿಲ್ಲ. ಅಷ್ಟೂ ತುಂಬು ಕೋಶಗಳು, ಒಂದೊಂದರ ಹೊಟ್ಟೆಯಲ್ಲೂ ತಿರುಳು. ಕೆಲವುಗಳಲ್ಲಿ ಎರಡು. ಇನ್ನು ಕೆಲವು, ರೊಟ್ಟಿ ಮಾಡುವವಳು ಹಿಟ್ಟಿನ ಉಂಡೆಯನ್ನು ನಡುವೆ ಹಿಸುಕಿದಂತೆ, ಸೊಂಟ ಸಣ್ಣಗಾಗಿ ಇಬ್ಭಾಗವಾಗುತ್ತಿದ್ದವು. ಒಂದು ಎರಡಾಗುತ್ತಿತ್ತು. ರಸದಿಂದ ಯಾವುದೂ ಹರಳುಗಟ್ಟುತ್ತಿರಲಿಲ್ಲ. ಕೋಶದಿಂದ ಕೋಶ ಹುಟ್ಟುತ್ತಿತ್ತು.

ಅವನು ತಲೆ ಎತ್ತಿದಾಗ ಫ್ರೌ ರೆಷ್ಕೆ ಸೌಟು ಹಿಡಿದು ನಿಂತಿದ್ದಳು.

"ಯಾಕೆ ಡಾಕ್ಟರೇ, ದೆವ್ವ ಕಂಡೋರ ಥರ?"

ಅವನು ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ಅದರ ಆಳ ಹೊಳೆಯಿತು. ಕೋಶ ಕೋಶದಿಂದಲೇ ಬರುವುದಾದರೆ ಯಾವ ದೇಹವೂ ಬರಿಯ ರಸದಲ್ಲಿ ಹೊಸದಾಗಿ ಹೆಪ್ಪುಗಟ್ಟಿದ್ದಲ್ಲ. ಹಿಂದಿನದರ ತುಂಡು, ಅದರ ಹಿಂದಿನದರ ತುಂಡು, ಎಲ್ಲೂ ಕಡಿಯದ ಎಳೆ.

ಅವಳು ಸೌಟು ಕೆಳಗಿಟ್ಟಳು. "ಅಂದ್ರೆ ನಮ್ಮವ್ವನ ತುಂಡು ಇನ್ನೂ ನನ್ನೊಳಗೆ ಬದುಕೈತೆ ಅನ್ನಿ."

"ಹಾಗೇ ಅನ್ಕೊಳಿ."

"ಅದ್ಕೇ ಮೊಣಕಾಲು ನೋಯೋದು. ಅವಳಿಗೂ ನೋಯ್ತಿತ್ತು." ಮುಖ ತಿರುಗಿಸಿ ಒಲೆಯ ಕಡೆ ಹೋದಳು. ಸೆರಗಿಲ್ಲದ ದೇಶದ ಹೆಂಗಸು, ಕಣ್ಣಿಗೆ ಏಪ್ರನ್ನಿನ ತುದಿ ಒತ್ತಿಕೊಂಡಳು.

ಹಿಮ ಕರಗಿ ನೀರಾದ ಮೇಲೆ ಅವನು ಅದೇ ಮರಿಯ ರಕ್ತಕ್ಕೆ ನೀರು ಬೆರೆಸಿ ನೋಡಿದ. ಬೆತ್ತಲೆ ತಿರುಳುಗಳು, ಎಂದಿನಂತೆ.

ಸಂಜೆ ಬಿಯರಿನಂಗಡಿಯಲ್ಲಿ ಜೊತೆ ಕೆಲಸದ ಲ್ಯೂಡೆಕೆ ಇದನ್ನು ಕೇಳಿ ಗ್ಲಾಸು ಕೆಳಗಿಟ್ಟ. ಅವನಿಗೆ ರುಜು ಹೋದ ವರ್ಷವೇ ಸಿಕ್ಕಿತ್ತು.

"ಲೋ ವೆಂಡೆಲ್, ನೀನು ಸುಳ್ಳು ಹೇಳ್ತಿಲ್ಲ, ನಂಗೊತ್ತು. ಆದ್ರೆ ಗುರುವಾರ ಬಾಯಿ ಮುಚ್ಕೊಂಡಿರು. ಮೊದ್ಲು ಕುರ್ಚಿ ಮೇಲೆ ಕೂತ್ಕೋ, ಆಮೇಲೆ ಕ್ರಾಂತಿ ಮಾಡುವಂತೆ."

"ಕುರ್ಚಿ ಮೇಲೆ ಕೂತೋರು ಯಾರಾದ್ರೂ ಕ್ರಾಂತಿ ಮಾಡಿದ್ದು ನೋಡಿದೀಯಾ?"

"ನಾನು ಮಾಡ್ತೀನಪ್ಪ. ಮದುವೆ ಒಂದು ಆಗ್ಲಿ."

"ಆಮೇಲೆ ಮಗು ಆಗ್ಲಿ, ಆಮೇಲೆ ಮಗಳ ಮದುವೆ ಆಗ್ಲಿ. ಆಮೇಲೆ ನಿನ್ನ ಗೋರಿ ಮೇಲೆ ಬರೆಸು, ನಂಗೂ ಅನುಮಾನ ಇತ್ತು ಅಂತ."

ಲ್ಯೂಡೆಕೆ ನಗಲಿಲ್ಲ. "ಅವರು ಕೆಟ್ಟೋರಲ್ಲ ಕಣೋ. ಆದ್ರೆ ಆ ತಿರುಳು ಅವರ ಜೀವ. ಕೂಟದ ಎದುರಿಗೆ ಅದನ್ನ ಕಿತ್ತು ಕೈಗೆ ಕೊಟ್ರೆ ಯಾವ ಮುದುಕ ತಾನೆ ರುಜು ಹಾಕ್ತಾನೆ?"

ಲ್ಯೂಡೆಕೆಯ ಮಾತಿನಲ್ಲಿ ಹುರುಳಿತ್ತು, ಅದಕ್ಕೇ ಅದು ವೆಂಡೆಲ್‌ನನ್ನು ಇನ್ನಷ್ಟು ಉರಿಸಿತು. ಬುಧವಾರ ಒಂದು ಸಲ ನೀರಿನ ಹನಿಯ ಗಾಜನ್ನಷ್ಟೇ ಸಜ್ಜುಮಾಡಿ, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ಆ ಹನಿಯನ್ನು ಒರೆಸಿ ಹಾಕಿದ.

ಗುರುವಾರ ಮೇಜಿನ ಮೇಲೆ ಎರಡು ಸೂಕ್ಷ್ಮದರ್ಶಕ ಇಟ್ಟ. ಕೂಟದ ಮೀಸೆ ಗಡ್ಡಗಳೆಲ್ಲ ಸುತ್ತ ನಿಂತವು. ಪ್ರೊಫೆಸರ್ ಬೋರ್ನೆಮನ್ ಮುಂದೆ ಬಂದರು. ತೆಳ್ಳಗೆ, ಒಗೆದ ಕಾಲರಿನಷ್ಟು ಬಿಳಿ ಮುಖ.

"ಎರಡ್ಯಾಕಪ್ಪ?"

"ಒಂದೇ ಮರಿಯ ರಕ್ತ ಪ್ರೊಫೆಸರೇ. ಎಡಗಡೆ ನೀರಲ್ಲಿದೆ. ಬಲಗಡೆ ಅದರದ್ದೇ ಲೋಳೆಯಲ್ಲಿದೆ."

"ಲೋಳೆ? ತೊಳೀಲಿಲ್ವ?"

"ಇಲ್ಲ. ಬೇಕಂತಲೇ."

ಯಾರೋ ಕಿಸಕ್ಕೆಂದರು. ಪ್ರೊಫೆಸರರು ಎಡಗಡೆ ಬಗ್ಗಿ ತಲೆ ಆಡಿಸಿದರು. ಬಲಗಡೆ ಬಗ್ಗಿದರು, ಬಹಳ ಹೊತ್ತು ಏಳಲೇ ಇಲ್ಲ. ವೆಂಡೆಲ್ ಅಭ್ಯಾಸ ಮಾಡಿಕೊಂಡು ಬಂದಿದ್ದ ಬಿಸಿ ಬಿಸಿ ಮಾತುಗಳಿಗೆ ಸರದಿಯೇ ಬರಲಿಲ್ಲ.

"ನೀರು ಕೊಡು" ಎಂದರು ಪ್ರೊಫೆಸರರು, ಕಣ್ಣು ತೆಗೆಯದೆ.

"ಕುಡಿಯೋಕಾ?" ಎಂದ ಗುಂಪಿನಲ್ಲಿದ್ದ ಲ್ಯೂಡೆಕೆ ಗಾಬರಿಯಿಂದ.

"ಗಾಜಿಗೆ ಕಣಯ್ಯ."

ಅವರೇ ಕಡ್ಡಿಯ ತುದಿಯಿಂದ ಬಲಗಡೆಯ ಗಾಜಿನ ಅಂಚಿಗೆ ಒಂದು ಹನಿ ಮುಟ್ಟಿಸಿದರು. ನೀರು ಒಳಗೆ ಜಾರಿತು. ಏನಾಗುತ್ತದೆಂದು ವೆಂಡೆಲ್‌ಗೆ ನೋಡದೆಯೇ ಗೊತ್ತಿತ್ತು: ನೀರು ತಾಗಿದ ಕೋಶ ಉಬ್ಬುತ್ತದೆ, ಮಸುಕಾಗುತ್ತದೆ, ಒಡೆಯುತ್ತದೆ. ಕೊನೆಗೆ ಉಳಿಯುವುದು ಬೆತ್ತಲೆ ತಿರುಳು. ಪ್ರೊಫೆಸರರ ಬೆನ್ನು ಅಲುಗಲಿಲ್ಲ. ಕಡ್ಡಿಯನ್ನು ಮಾತ್ರ ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದರು.

"ಇದು ಸಾವು" ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವ ಹಾಗೆ. "ಇದನ್ನೇ ನಾನು ಹುಟ್ಟು ಅಂತ ಪಾಠ ಮಾಡ್ತಾ ಬಂದೆ."

ಗೆದ್ದವನಿಗೆ ಗೆಲುವಿನ ರುಚಿ ಹತ್ತಲಿಲ್ಲ. ಆ ಬಗ್ಗಿದ ಬೆನ್ನನ್ನು ನೋಡಿ ಅವನ ಸಿಟ್ಟಿಗೆ ಕೂರಲು ಜಾಗ ಸಿಗದಂತಾಯಿತು. ಆದರೆ ಮುದುಕ ನೆಟ್ಟಗಾದಾಗ ಮತ್ತೆ ಅದೇ ಒಗೆದ ಕಾಲರಿನ ಮುಖ.

"ನೀರು ಕೊಲ್ಲುತ್ತೆ ಅಂತ ತೋರಿಸಿದೆ. ಒಪ್ಪಿದೆ. ಆದ್ರೆ ಸೊಂಟ ಸಣ್ಣಗಾದದ್ದು ಒಡೀತಿದೆಯೋ, ಎರಡು ಸೇರಿ ಒಂದಾಗ್ತಿದೆಯೋ, ಯಾವನು ಹೇಳ್ದ? ನೀನು ಕಂಡದ್ದು ನಿಂತ ಚಿತ್ರ ಟ್ರೌಟ್‌ಮನ್. ಒಂದೇ ಕೋಶವನ್ನ ಮೊದಲಿಂದ ಕೊನೇತನಕ ಕಾದು ನೋಡಿದೀಯಾ?"

"ಇಲ್ಲ" ಎಂದ ವೆಂಡೆಲ್. ನೋಡಿರಲಿಲ್ಲ, ನಿಜ. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ.

"ಹಾಗಾದ್ರೆ ಇವತ್ತು ರುಜು ಇಲ್ಲ. ನಾಳೆ ಬೆಳಿಗ್ಗೆ ಮೊಟ್ಟೆ ತಗೊಂಡು ಬಾ."

ಹೊರಗೆ ಲ್ಯೂಡೆಕೆ ಹೆಗಲು ಹಿಡಿದ. "ಹೇಳಿರ್ಲಿಲ್ವಾ? ಹೋಯ್ತಲ್ಲೋ ನಿನ್ನ ಕುರ್ಚಿ."

"ಹೋಗ್ಲಿ ಬಿಡೋ. ಸೋಲೋದಕ್ಕೂ ಸಾಕ್ಷಿ ಕೇಳೋ ಮುದುಕನ್ನ ಎಲ್ಲಾದ್ರೂ ನೋಡಿದೀಯಾ?" ಎಂದ ವೆಂಡೆಲ್. ಹಲ್ಲು ಕಡಿಯುತ್ತಿದ್ದ, ಆದರೂ ತುಟಿಯಂಚಿನಲ್ಲಿ ನಗು ಇಣುಕಿತ್ತು.

ಆಮೇಲಿನ ದಿನಗಳು ಪ್ರೊಫೆಸರರ ಕೋಣೆಯಲ್ಲಿ ಕಾಯುವುದರಲ್ಲೇ ಕಳೆದವು. ಬಿಸಿಮಾಡಿದ ಹೆಂಚಿನ ತುಂಡುಗಳಿಂದ ಗಾಜನ್ನು ಬೆಚ್ಚಗೆ ಇಡುವುದು ವೆಂಡೆಲ್‌ನ ಕೆಲಸ. ಕಣ್ಣು ಕೀಳದೆ ಕೂರುವುದು ಪ್ರೊಫೆಸರರದು. ಒಂದು ಮೊಟ್ಟೆ ತಣ್ಣಗಾಗಿ ಸತ್ತಿತು, ಒಂದರ ಲೋಳೆ ಒಣಗಿತು, ಇನ್ನೊಂದನ್ನು ಮುದುಕರ ಕೋಟಿನ ತೋಳೇ ಉರುಳಿಸಿತು. ಫ್ರೌ ರೆಷ್ಕೆ ದಿನಾ ಮೊಟ್ಟೆಯ ಜೊತೆ ಬೈಗುಳವನ್ನೂ ಕಟ್ಟಿ ಕಳಿಸಿದಳು: "ನನ್ನ ಕೋಳಿ ಸಂಸಾರ ಹಾಳುಮಾಡೋಕೆ ಒಬ್ಬ ಸಾಲ್ದು ಅಂತ ಇಬ್ಬರಾದ್ರಾ?"

ಹಿಮ ಕರಗುವ ಹೊತ್ತಿಗೆ, ಒಂದು ಬೆಳಿಗ್ಗೆ, ವೆಂಡೆಲ್ ಹೆಂಚು ಹಿಡಿದು ಬಾಗಿಲಿಗೆ ಬಂದಾಗ ಪ್ರೊಫೆಸರರು ಕೈ ಬೀಸಿದರು.

"ಸದ್ದು ಮಾಡ್ಬೇಡ. ಆಗ ದುಂಡಗಿತ್ತು, ನಾನೇ ನೋಡಿದೆ. ಈಗ ನಡು ಸಣ್ಣಗಾಗ್ತಿದೆ... ಇನ್ನೂ ಸಣ್ಣಗೆ... ಎಳೆಯಷ್ಟೇ ಉಳೀತು."

"ನಾನೊಂದ್ಸಲ ನೋಡ್ಲಾ?"

"ತಾಳಯ್ಯ."

"ಪ್ರೊಫೆಸರೇ, ನಂದೂ ಕಣ್ಣೇ."

"ಬಿಟ್ಕೊಂಡ್ವು" ಎಂದರು ಮುದುಕ. ದನಿಯಲ್ಲಿ ಮಗುವಿನ ಬೆರಗಿತ್ತು. "ಎರಡಾದ್ವು ಟ್ರೌಟ್‌ಮನ್. ಎರಡೂ ಬದುಕಿವೆ."

ವೆಂಡೆಲ್ ಪಕ್ಕಕ್ಕೆ ಹೋಗಿ ಬಗ್ಗಿದ. ಪ್ರೊಫೆಸರರು ಜಾಗ ಬಿಡಲಿಲ್ಲ, ಭುಜದಿಂದ ತಳ್ಳಿದರು. "ಬೆಳಕಿಗೆ ಅಡ್ಡ ಬರ್ಬೇಡ. ನಿನ್ನ ಕಾಗದ ಮೇಜಿನ ಖಾನೆಯಲ್ಲಿದೆ, ಶಾಯಿ ಎಲ್ಲಿದೆ ಹುಡುಕು, ರುಜು ಹಾಕ್ತೀನಿ. ಈಗಲ್ಲ. ಇವುಗಳಲ್ಲೊಂದು ಮತ್ತೆ ಉದ್ದ ಆಗೋ ಥರ ಇದೆ."

ಶಾಯಿ ಹುಡುಕುವುದನ್ನು ಬಿಟ್ಟು ವೆಂಡೆಲ್ ಹೊಸ ಹೆಂಚು ಬಿಸಿಮಾಡಲು ಓಡಿದ.